ನೀಟ್ ಅಣಕು ಪರೀಕ್ಷೆಯ ಅಂಕ ನಂಬಿ ಮೋಸಹೋದೆವು: ಕಲಬುರಗಿಯ ಪಾಲಕರು ಎಚ್ಚರ ವಹಿಸಿ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ದ್ವಿತೀಯ ಪಿಯುಸಿ ಓದುವ ಮಕ್ಕಳಿರುವ ಪಾಲಕರು ದಯವಿಟ್ಟು ಓದಬೇಕು.

ತೊಗರಿ ಮಾರಿ ಬಂದ ಹಣದಲ್ಲಿ 12,000 ರೂಪಾಯಿ ಕಟ್ಟಿ, ಮಗಳನ್ನು ಕಲಬುರಗಿಯ ತರಬೇತಿ ಕೇಂದ್ರವೊಂದರ ಹತ್ತು ಅಣಕು ಪರೀಕ್ಷೆಗಳಿಗೆ ಸೇರಿಸಿದ್ದೆ. ಮೂರನೆಯದರಲ್ಲಿ 720ಕ್ಕೆ 484 ಅಂಕ ಬಂದವು. "ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371(ಜೆ) ಪ್ರಮಾಣಪತ್ರವೂ ಇದೆ, ಸರ್ಕಾರಿ ಮೆಡಿಕಲ್ ಸೀಟು ಎಲ್ಲಿಗೂ ಹೋಗುವುದಿಲ್ಲ" ಎಂದರು ಕೇಂದ್ರದವರು. ನಂಬಿದೆ. ನಂಬಿ, ಆಳಂದದ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದೆ.

ಅಂದು ರಾತ್ರಿ, ಪ್ರಶ್ನೆಪತ್ರಿಕೆಯಲ್ಲಿ ತಾನು ಗುರುತು ಹಾಕಿಕೊಂಡಿದ್ದ ಉತ್ತರಗಳನ್ನು ಕೀ ಉತ್ತರಗಳೊಂದಿಗೆ ತಾಳೆ ನೋಡುತ್ತಿದ್ದ ಮಗಳು ಇದ್ದಕ್ಕಿದ್ದಂತೆ ಸುಮ್ಮನಾದಳು. 180 ಪ್ರಶ್ನೆಗಳಲ್ಲಿ 121 ಸರಿ, 59 ತಪ್ಪು. ಸರಿಯುತ್ತರಕ್ಕೆ ನಾಲ್ಕರಂತೆ 484 ಆಗುವುದು ನಿಜ, ಆದರೆ ಪ್ರತಿ ತಪ್ಪಿಗೂ ಒಂದು ಅಂಕ ಕಳೆಯಬೇಕಲ್ಲವೇ? ಕಳೆದರೆ ಉಳಿಯುವುದು 425. ಎಣಿಸಿದೆವು, ಮತ್ತೆ ಎಣಿಸಿದೆವು, ಹಿಂದಿನ ಎರಡು ಪರೀಕ್ಷೆಗಳನ್ನೂ ತೆಗೆದು ಎಣಿಸಿದೆವು. ಎಲ್ಲಿಯೂ ಒಂದೇ ಒಂದು ಅಂಕ ಕಳೆದಿರಲಿಲ್ಲ.

ಮರುದಿನ ಹೋಗಿ ಕೇಳಿದಾಗ, "ಮೊದಲೇ ಕಳೆದರೆ ಮಕ್ಕಳ ಧೈರ್ಯ ಕುಗ್ಗುತ್ತದೆ, ಕೊನೆಯ ಎರಡರಲ್ಲಿ ಕಳೆಯುತ್ತೇವೆ" ಎಂಬ ಉತ್ತರ ಬಂತು. 2025ರಿಂದ ನೀಟ್ ಮೂರು ತಾಸಿಗೆ ಇಳಿದಿರುವಾಗ ನೀವೇಕೆ ಇನ್ನೂ ಮೂರು ತಾಸು ಇಪ್ಪತ್ತು ನಿಮಿಷ ಕೊಡುತ್ತಿದ್ದೀರಿ ಎಂದರೆ, "ಇಪ್ಪತ್ತು ನಿಮಿಷದಲ್ಲಿ ಏನಾಗುತ್ತದೆ?" ಎಂದರು. ಹಣ ಮರಳಿಸಿ ಎಂದಾಗ ರಸೀದಿಯ ಹಿಂಬದಿ ಓದಲು ಹೇಳಿದರು. "ಬೇರೆ ಯಾವ ಪಾಲಕರೂ ಕೇಳಿಲ್ಲ, ನೀವೊಬ್ಬರೇ" ಎಂಬ ಅವರ ಮಾತು ಇಂದಿಗೂ ಎದೆಯಲ್ಲಿ ಉರಿಯುತ್ತಿದೆ. ಕೇಳಲು ಉಳಿದವರಿಗೆ ಗೊತ್ತಾಗಬೇಕಲ್ಲ!

ಹಣಕ್ಕಿಂತ ದೊಡ್ಡ ಹಾನಿ ಬೇರೆಯೇ ಇದೆ. "ಒಂದೂ ಪ್ರಶ್ನೆ ಬಿಡಬೇಡಿ" ಎಂದು ಅಲ್ಲಿ ಕಲಿಸಿದ್ದರು. ತಪ್ಪಿಗೆ ಅಂಕ ಕಳೆಯದ ಸಿಇಟಿಗೆ ಆ ಮಾತು ಸರಿ, ನೀಟ್‌ಗೆ ಅದು ಮಗುವಿನ ಕೈಯಿಂದಲೇ ಅಂಕ ಕಿತ್ತುಕೊಳ್ಳುವ ಮಾತು.

ಹಣ ಕಟ್ಟುವ ಮೊದಲು ಹಳೆಯ ವಿದ್ಯಾರ್ಥಿಯ ಮೌಲ್ಯಮಾಪನವಾದ ಒಎಂಆರ್ ಹಾಳೆ (ಉತ್ತರ ಗುರುತಿಸುವ ಹಾಳೆ) ತೋರಿಸಲು ಹೇಳಿ, ತೋರಿಸದಿದ್ದರೆ ಎದ್ದು ಬನ್ನಿ. ಪ್ರತಿ ಪರೀಕ್ಷೆಯ ಅಂಕಗಳನ್ನು ಮನೆಯಲ್ಲಿ ನೀವೇ ಎಣಿಸಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ನೀಟ್ ನಡೆಸುವ ಎನ್‌ಟಿಎ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿಯೇ ಸಿಗುತ್ತವೆ. ನಾನು ಅದನ್ನು ಮೊದಲೇ ನೋಡಲಿಲ್ಲ.

ಈಗ ಗಡಿಯಾರ ಮುಂದಿಟ್ಟುಕೊಂಡು ಮೂರೇ ತಾಸಿನಲ್ಲಿ ಅವುಗಳನ್ನು ಬಿಡಿಸುತ್ತಿದ್ದಾಳೆ. ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಡಲು ಅವಳಿಗೆ ಇನ್ನೂ ಮನಸ್ಸು ಬರುತ್ತಿಲ್ಲ.