ಚಿನ್ನದ ಕಾಟಾ ಸರಿ ಇದೆಯಾ? ನಾಣ್ಯ, ನೀರು, ಬಟ್ಟು ಇಟ್ಟು ನೋಡಿದ್ದು

ಹಟ್ಟಿ ಚಿನ್ನದ ಗಣಿ ಇರುವುದು ನಮ್ಮ ರಾಯಚೂರು ಜಿಲ್ಲೆಯಲ್ಲೇ. ಇಲ್ಲಿನ ಪತ್ತಾರರಿಗೆ (ಅಕ್ಕಸಾಲಿಗರಿಗೆ) ಚಿನ್ನದ ತೂಕ ಅಂದರೆ ನಂಬಿಕೆಯ ಪ್ರಶ್ನೆ. ಗ್ರಾಂ ದರ ಹತ್ತು ಸಾವಿರ ದಾಟಿದ ಮೇಲೆ 10 ಮಿಲಿಗ್ರಾಂ ಆಚೀಚೆ ಆದರೂ ನೂರು ರೂಪಾಯಿಗೆ ಮೇಲೆ ವ್ಯತ್ಯಾಸ ಬರುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಕಾಟಾ ನೋಡಿ ಮುದ್ರೆ ಹಾಕುತ್ತಾರೆ. ಉಳಿದ ದಿನ ನೋಡಿಕೊಳ್ಳುವವರು ನಾವೇ ಅಲ್ವಾ? ಜನ ಹೇಳುವ ಉಪಾಯಗಳನ್ನೆಲ್ಲ 1 ಮಿಲಿಗ್ರಾಂ ತೋರಿಸುವ ಅಂಗಡಿ ಕಾಟಾದ ಮೇಲೂ, 10 ಮಿಲಿಗ್ರಾಂ ತೋರಿಸುವ ಜೇಬಿನ ಕಾಟಾದ ಮೇಲೂ ಮಾಡಿ ನೋಡಿದೆ.

ಮೊದಲು ನಾಣ್ಯ. ಖರ್ಚಿಲ್ಲ, ಎಲ್ಲೆಂದರಲ್ಲಿ ಸಿಗುತ್ತದೆ. 2011ರ ಮಾದರಿಯ ಒಂದು ರೂಪಾಯಿ 3.79 ಗ್ರಾಂ, ಹತ್ತು ರೂಪಾಯಿ 7.71 ಗ್ರಾಂ. ಆದರೆ 2019ರಲ್ಲಿ ಬಂದ ಹೊಸ ಮಾದರಿಯಲ್ಲಿ ಒಂದು ರೂಪಾಯಿ 3.09 ಗ್ರಾಂಗೆ ಇಳಿದಿದೆ. ಯಾವ ಮಾದರಿ ಅಂತ ನೋಡದೆ ಇಟ್ಟರೆ ಲೆಕ್ಕವೇ ತಪ್ಪು. ಒಂದೇ ಮಾದರಿಯವನ್ನು ಇಟ್ಟರೂ ಕೊನೆಯ ಅಂಕಿಗಳು ಒಂದಕ್ಕೊಂದು ಕೂಡುವುದಿಲ್ಲ. ಸವೆತ, ಜಿಡ್ಡು, ಟಂಕಸಾಲೆಯಲ್ಲೇ ಬಿಟ್ಟ ಸಣ್ಣ ಹೆಚ್ಚುಕಡಿಮೆ, ಎಲ್ಲ ಸೇರಿರುತ್ತದೆ. ಹಾಗಂತ ನಾಣ್ಯವನ್ನು ನಾನು ಬಿಟ್ಟಿಲ್ಲ. ಮುದ್ರೆ ಹಾಕಿಸಿದ ದಿನವೇ ಒಂದು ನಾಣ್ಯ ಒರೆಸಿ, ತೂಗಿ, ಬಂದ ಅಂಕಿ ಬರೆದಿಡಿ. ದಿನಾ ಬೆಳಿಗ್ಗೆ ಅದೇ ನಾಣ್ಯ ಅದೇ ಅಂಕಿ ತೋರಿಸಬೇಕು. ಕಾಟಾ ನಿನ್ನೆಯಂತೆ ಇದೆಯಾ ಅಂತ ಗೊತ್ತಾಗುವುದಕ್ಕೆ ಇಷ್ಟು ಸಾಕು.

ನೀರಿನ ಉಪಾಯ ನನಗೆ ಸುತಾರಾಂ ಹಿಡಿಸಲಿಲ್ಲ. 10 ಮಿಲಿಲೀಟರ್ ನೀರು 10 ಗ್ರಾಂ ಅಂತ ಸಿರಿಂಜಿನಲ್ಲಿ ಅಳೆದು ಹಾಕುತ್ತಾರೆ. 30 ಡಿಗ್ರಿಯಲ್ಲಿ ಅಷ್ಟು ನೀರು ತೂಗುವುದು 9.957 ಗ್ರಾಂ. ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ 9.922. ಸಿರಿಂಜಿನ ಗೆರೆಯೂ ಅಷ್ಟು ಕರಾರುವಾಕ್ಕಲ್ಲ, ತುದಿಯಲ್ಲಿ ಒಂದು ಹನಿ ಉಳಿದೇ ಉಳಿಯುತ್ತದೆ. ಬಟ್ಟಲನ್ನು ಕಾಟಾದ ಮೇಲೆ ಇಟ್ಟು ಸುಮ್ನೆ ನೋಡುತ್ತಾ ಕೂತರೆ ಕೊನೆಯ ಅಂಕಿ ಒಂದೊಂದಾಗಿ ಇಳಿಯುವುದು ಕಾಣುತ್ತದೆ. ಕಾಟಾ ಸರಿಯಾಗೇ ಇರುತ್ತದೆ, ನೀರು ಆರಿ ಹೋಗುತ್ತಿರುತ್ತದೆ.

ಜೇಬಿನ ಕಾಟಾ ಜೊತೆ ಡಬ್ಬಿಯಲ್ಲಿ ಬರುವ 100 ಗ್ರಾಂ ಬಟ್ಟನ್ನು, ಅಂದರೆ ತೂಕದ ಕಲ್ಲನ್ನು, ಬಹಳ ಜನ ನಂಬುತ್ತಾರೆ. ಅದೇ ಬಟ್ಟಿಟ್ಟು ಕ್ಯಾಲಿಬ್ರೇಷನ್ ಮಾಡಿ (ಕಾಟಾದ ಅಂಕಿ ಹೊಂದಿಸಿ), ಅದೇ ಬಟ್ಟಿಟ್ಟು ಪರೀಕ್ಷಿಸಿದರೆ 100.00 ಬರದೆ ಇನ್ನೇನು ಬರುತ್ತದೆ? ಬಟ್ಟೇ ಹಗುರ ಇದ್ದರೆ ಗೊತ್ತಾಗುವ ದಾರಿಯೇ ಇಲ್ಲ.

ಹಾಗಾಗಿ ದುಡ್ಡು ಹಾಕಬೇಕಾದದ್ದು ಸರ್ಟಿಫಿಕೇಟ್ ಇರುವ ಬಟ್ಟಿಗೆ. ಇದರಲ್ಲೂ ದರ್ಜೆ ಇದೆ. ಎಂ1 ದರ್ಜೆಯ 100 ಗ್ರಾಂ ಬಟ್ಟಿನಲ್ಲಿ 5 ಮಿಲಿಗ್ರಾಂವರೆಗೆ ಹೆಚ್ಚುಕಡಿಮೆ ಇರಬಹುದು, ಎಫ್2ನಲ್ಲಿ 1.6 ಮಿಲಿಗ್ರಾಂ ಮಾತ್ರ. 10 ಗ್ರಾಂ ಬಟ್ಟಿಗೆ ಅದೇ ಮಿತಿ 2 ಮತ್ತು 0.6 ಮಿಲಿಗ್ರಾಂ. ಜೇಬಿನ ಕಾಟಾಗೆ ಎಂ1 ಧಾರಾಳವಾಯಿತು. ಅಂಗಡಿ ಕಾಟಾಗೆ ಎಫ್2 ಇಲ್ಲದಿದ್ದರೆ ತಪ್ಪು ಕಾಟಾದ್ದೋ ಬಟ್ಟಿನದ್ದೋ ತಿಳಿಯುವುದಿಲ್ಲ. ಬೆಲೆ ಜಾಸ್ತಿ, ನಿಜ. ಆದರೂ ನಾನು ಎಫ್2ನ್ನೇ ಹೇಳುತ್ತೇನೆ, ಎನ್‌ಎಬಿಎಲ್ (ಲ್ಯಾಬುಗಳಿಗೆ ಒಪ್ಪಿಗೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನ ಸರ್ಟಿಫಿಕೇಟ್ ಸಮೇತ. ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಬೆವರೂ ತೂಗುತ್ತದೆ. ಚಿಮಟದಲ್ಲೇ ಎತ್ತಿ.

ಇಟ್ಟು ನೋಡುವ ರೀತಿಯೂ ಮುಖ್ಯ. ಕಾಟಾವನ್ನು ಅರ್ಧ ಗಂಟೆ ಮೊದಲೇ ಆನ್ ಮಾಡಿ, ಫ್ಯಾನ್ ನಿಲ್ಲಿಸಿ. 100 ಗ್ರಾಂ ಒಂದನ್ನೇ ಇಟ್ಟು ಮುಗಿಸಬೇಡಿ. ನಾವು ದಿನಾ ತೂಗುವುದು ಮೂಗುತಿ, ಓಲೆ, ಉಂಗುರ. 1, 5, 20 ಗ್ರಾಂ ಬಟ್ಟುಗಳಲ್ಲೂ ನೋಡಿ. ತಟ್ಟೆಯ ನಡುವೆ ಇಟ್ಟಾಗಲೂ ಅಂಚಿಗೆ ಸರಿಸಿದಾಗಲೂ ಒಂದೇ ಅಂಕಿ ಬರಬೇಕು. ಜೇಬಿನ ಕಾಟಾ ಹೆಚ್ಚಾಗಿ ಸೋಲುವುದು ಈ ಅಂಚಿನಲ್ಲೇ.

ಅರ ತಿಕ್ಕಿದ ಪುಡಿ ತೂಗುವವರು ಇನ್ನೊಂದು ನೋಡಿ. ಖಾಲಿ ತಟ್ಟೆಗೆ ಪುಡಿಯನ್ನು ಚೂರುಚೂರೇ ಉದುರಿಸಿದರೆ ಎಷ್ಟೋ ಕಾಟಾಗಳು ಸೊನ್ನೆಯಲ್ಲೇ ನಿಂತಿರುತ್ತವೆ. ಸಣ್ಣ ಏರಿಳಿತವನ್ನು ತಾವೇ ಸೊನ್ನೆಗೆ ಎಳೆದುಕೊಳ್ಳುವಂತೆ ಅವುಗಳನ್ನು ಮಾಡಿರುತ್ತಾರೆ. ಬಿದ್ದ ಪುಡಿ ಲೆಕ್ಕಕ್ಕೇ ಬರುವುದಿಲ್ಲ. ಪುಡಿಯನ್ನೆಲ್ಲ ಒಂದು ಬಟ್ಟಲಿಗೆ ಹಾಕಿ ಒಮ್ಮೆಲೇ ಇಡಿ.

ಡಿಜಿಟಲ್ ಕಾಟಾ ಅಳೆಯುವುದು ಭೂಮಿ ಎಳೆಯುವ ಬಲವನ್ನು. ಒಂದು ಕಿಲೋ ಮೇಲೆ ಅದು ಭೂಮಧ್ಯ ರೇಖೆಯಲ್ಲಿ 9.78 ನ್ಯೂಟನ್, ಧ್ರುವಗಳಲ್ಲಿ 9.83 ನ್ಯೂಟನ್. ದೂರದ ದೇಶದಲ್ಲಿ ಹೊಂದಿಸಿದ ಕಾಟಾ ಇಲ್ಲಿ ಬೇರೆ ಅಂಕಿ ತೋರಿಸಬಹುದು. ಎರಡು ತಟ್ಟೆಯ ಹಳೇ ತಕ್ಕಡಿಗೆ ಈ ತೊಂದರೆ ಇಲ್ಲ, ಎರಡೂ ಕಡೆ ಎಳೆತ ಒಂದೇ. ಹೊಸ ಜೇಬಿನ ಕಾಟಾವನ್ನು ಬಳಸುವ ಜಾಗದಲ್ಲೇ, ಒಳ್ಳೆಯ ಬಟ್ಟಿಟ್ಟು ಹೊಂದಿಸಿಕೊಳ್ಳಿ. ವ್ಯಾಪಾರಕ್ಕೆ ಮಾತ್ರ ಅದು ಬೇಡ. ಮುದ್ರೆ ಇರುವ ಅಂಗಡಿ ಕಾಟಾ ತಪ್ಪು ತೋರಿಸಿದರೆ ನೀವೇ ಬಟನ್ ಒತ್ತಿ ಸರಿಮಾಡಲು ಹೋಗಬೇಡಿ. ಲೈಸೆನ್ಸ್ ಇರುವ ರಿಪೇರಿಯವರನ್ನು ಕರೆಸಿ, ಮತ್ತೆ ಮುದ್ರೆ ಹಾಕಿಸಿ. ಅಲ್ಲಿಯವರೆಗೆ ಆ ಕಾಟಾದಲ್ಲಿ ಗಿರಾಕಿಯ ಒಡವೆ ತೂಗಬೇಡಿ.