ರಾತ್ರಿ ಪಂಪ್ ಮನೆಗೆ ಒಬ್ಬರೇ ಹೋಗುವವರ ಕೈಗೆ ಏನು ಕೊಡಬೇಕು?

ಫೆಬ್ರವರಿ, ಮಾರ್ಚ್ ಬಂದರೆ ರೊಬಸ್ಟಾ ಕಾಫಿ ತೋಟದವರಿಗೆ ನಿದ್ದೆ ಕಡಿಮೆ. ಗಿಡ ಹೂ ಬಿಡಲು ಬೇಕಾದ ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿ ಒಂದರಿಂದ ಒಂದೂವರೆ ಇಂಚು ನೀರು ಕೊಡಬೇಕು. ಎರಡು ಮೂರು ವಾರ ಕಳೆದು ಮತ್ತೆ ಬ್ಯಾಕಿಂಗ್, ಅಂದರೆ ಎರಡನೆಯ ಸಲದ ನೀರು. ತ್ರೀ ಫೇಸ್ ವಿದ್ಯುತ್ ನಮಗೆ ಹೆಚ್ಚಾಗಿ ಸಿಗುವುದು ರಾತ್ರಿ. ಪೈಪ್ ಬದಲಿಸುವ ಹುಡುಗರು ಮೇಲಿನ ಬ್ಲಾಕಿನಲ್ಲಿ ಜೊತೆಯಾಗಿರುತ್ತಾರೆ. ಹಳ್ಳದ ಬದಿಯ ಪಂಪ್ ಮನೆಯಲ್ಲಿ ಮಾತ್ರ ಒಬ್ಬರೇ.

ಸಕಲೇಶಪುರದ ಕಡೆಯ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಲೆಕ್ಕ, ಕೆಲಸ ನೋಡಿಕೊಳ್ಳುವವನು. ಕಳೆದ ವರ್ಷ ನಮ್ಮ ಪಂಪ್ ನೋಡಿಕೊಳ್ಳುವ ಅಣ್ಣ, ಹಳ್ಳದಲ್ಲಿ ಮುಳುಗಿರುವ ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಕಟ್ಟಿಕೊಂಡ ಎಲೆ ತೆಗೆಯಲೆಂದು ಮೋಟರ್ ನಿಲ್ಲಿಸಿ ಹಳ್ಳಕ್ಕೆ ಇಳಿದರು. ಪಾಚಿಯ ಮೇಲೆ ಜಾರಿ ಕಾಲು ಮುರಿದುಕೊಂಡರು. ಜೇಬಿನಲ್ಲಿ ಮೊಬೈಲ್ ಇತ್ತು, ಸಿಗ್ನಲ್ ಇರಲಿಲ್ಲ. ನೀರು ನಿಂತದ್ದನ್ನು ಕಂಡ ಹುಡುಗರು ಕರೆಂಟ್ ಹೋಯಿತೆಂದುಕೊಂಡು ಬೆಂಕಿ ಕಾಯಿಸುತ್ತಾ ಕುಳಿತರು. ಮೂರು ಗಂಟೆ ಹಾಗೆಯೇ ಕಳೆಯಿತು. ಆ ಮೂರು ಗಂಟೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಈ ವರ್ಷ ನೀರು ಹಾಯಿಸುವ ಮೊದಲೇ ನಾಲ್ಕು ಸಾಧನಗಳನ್ನು ಹಿಡಿದು, ರಾತ್ರಿಯಲ್ಲೇ, ಮೂರು ಜಾಗಗಳಲ್ಲಿ ನಡೆದು ನೋಡಿದೆ: ಮೇಲಿನ ಬ್ಲಾಕ್, ನಡುವಿನ ಇಳಿಜಾರು, ಪಂಪ್ ಮನೆ.

ಸ್ಮಾರ್ಟ್‌ಫೋನ್ ಮೇಲಿನ ಬ್ಲಾಕಿನಲ್ಲಿ ಉಳಿದೆಲ್ಲವನ್ನೂ ಮೀರಿಸಿತು. ವಾಟ್ಸ್ಆ್ಯಪ್‌ನಲ್ಲಿ ಇರುವ ಜಾಗವನ್ನು 8 ಗಂಟೆಯವರೆಗೆ ಹಂಚಿಕೊಳ್ಳಬಹುದು, ಒಂದು ರಾತ್ರಿಯ ಪಾಳಿಗೆ ಅಷ್ಟು ಸಾಕು. ಆದರೆ ಇಳಿಜಾರು ಅರ್ಧ ಇಳಿಯುವಷ್ಟರಲ್ಲಿ ನಕ್ಷೆಯ ಚುಕ್ಕಿ ನಿಂತುಬಿಟ್ಟಿತು. ನಾನು ನಡೆಯುತ್ತಲೇ ಇದ್ದೆ, ಮನೆಯಲ್ಲಿ ನೋಡುತ್ತಿದ್ದವರಿಗೆ ನಾನು ನಿಂತಲ್ಲೇ ನಿಂತಂತೆ ಕಂಡಿತು. ಹಳೆಯ ಜಾಗವನ್ನು ಈಗಿನದೆಂದು ನಂಬಿಸುವುದು ಏನೂ ತೋರಿಸದಿರುವುದಕ್ಕಿಂತ ಅಪಾಯ. ಇನ್ನೊಂದು ತೊಡಕು ನೀರಿನದು. ಸ್ಪ್ರಿಂಕ್ಲರ್ ಜೆಟ್ ಸಿಡಿದು ಒದ್ದೆಯಾದ ಬೆರಳಿಗೆ ಪರದೆ ಸ್ಪಂದಿಸಲಿಲ್ಲ. ಅಂಗಿಗೆ ಒರೆಸಿದೆ, ಅಂಗಿಯೂ ಒದ್ದೆ.

ಕೀಪ್ಯಾಡ್ ಫೋನಿಗೆ ಆ ಕಷ್ಟವಿಲ್ಲ. ಕೆಸರುಗೈಯಲ್ಲೂ ಗುಂಡಿ ಒತ್ತಬಹುದು, ಬ್ಯಾಟರಿ ನಾಲ್ಕು ದಿನ ಬಂತು. 2017ರ ಜನವರಿ 1ರಿಂದ ಮಾರಾಟವಾಗುವ ಮೊಬೈಲ್‌ಗಳಲ್ಲಿ ತುರ್ತು ಗುಂಡಿ ಇರಬೇಕೆಂಬ ನಿಯಮವಿದೆ: ಕೀಪ್ಯಾಡ್‌ನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಮೂರು ಸಲ ಬೇಗಬೇಗನೆ ಒತ್ತುವುದು. ಕರೆ 112ಕ್ಕೆ ಹೋಗುತ್ತದೆ. ಇದನ್ನು ಎಲ್ಲರಿಗೂ ಹೇಳಿಕೊಟ್ಟೆ, ಪರೀಕ್ಷೆಗೆಂದು ಒತ್ತಲಿಲ್ಲ. ನಿಜವಾಗಿ ಕಷ್ಟದಲ್ಲಿರುವವರ ಸಮಯ ಅದು. ಪಂಪ್ ಮನೆಯಲ್ಲಿ ಮಾತ್ರ ಇದರದೂ ಅದೇ ಗತಿ, ಒಂದು ಗೆರೆ ಸಿಗ್ನಲ್ ಕೂಡ ಇಲ್ಲ.

ಜಿಪಿಎಸ್ ಟ್ರ್ಯಾಕರ್ ಮೇಲೆ ನನಗೆ ಬಹಳ ಭರವಸೆಯಿತ್ತು. ಕೊರಳಿಗೆ ಹಾಕಿಕೊಳ್ಳುವ ಬಿಲ್ಲೆ, ನಡುವೆ ಕೆಂಪು ಗುಂಡಿ, ಬಿದ್ದರೆ ತಾನೇ ಎಚ್ಚರಿಸುವ ವ್ಯವಸ್ಥೆ. ಕಾಲು ಮುರಿದುಕೊಂಡವರು ಗುಂಡಿ ಒತ್ತಿಯಾರು, ಪ್ರಜ್ಞೆ ತಪ್ಪಿದವರು ಒತ್ತಲಾರರು. ಆದ್ದರಿಂದ ಇದು ಮುಖ್ಯವೆನಿಸಿತ್ತು. ಅಣ್ಣ ಬಗ್ಗಿ ಕುಳಿತಾಗಲೆಲ್ಲ ಅದು ಬಡಿದುಕೊಂಡಿತು, ಮೇಲಿನ ಬ್ಲಾಕಿನಲ್ಲಿ ಒಂದೇ ಸಂಜೆ ಐದು ಸಲ. ಹಳ್ಳಕ್ಕೆ ಇಳಿದ ಮೇಲೆ ಸುಮ್ಮನಾಯಿತು, ಏಕೆಂದರೆ ಅದರೊಳಗೂ ಇರುವುದು ಸಿಮ್ ಕಾರ್ಡೇ. ಜೊತೆಗೆ ಅಣ್ಣ ನನ್ನನ್ನು ನೇರವಾಗಿ ಕೇಳಿದರು: "ರೈಟರೇ, ಇದು ನನ್ನನ್ನು ಕಾಯುವುದಕ್ಕೋ, ನಾನು ಮಲಗಿದೆನೋ ಎಂದು ನೋಡುವುದಕ್ಕೋ?" ಕೊಡುವ ಮೊದಲು ಅವರ ಜೊತೆ ಕುಳಿತು ಮಾತನಾಡಬೇಕಿತ್ತು, ಮಾತನಾಡಿರಲಿಲ್ಲ. ತಪ್ಪು ನನ್ನದು.

ಇನ್ನು ವಾಕಿಟಾಕಿ. ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಪರವಾನಗಿ ಬೇಡ. ಅದಕ್ಕಿಂತ ಬಲವಾದವುಗಳಿಗೆ ಬೇಕು. ಅಗ್ಗಕ್ಕೆ ಸಿಕ್ಕಿತೆಂದು ಆನ್‌ಲೈನ್‌ನಲ್ಲಿ ಕೊಳ್ಳುವ ಮೊದಲು ತರಂಗಾಂತರ ನೋಡಿಕೊಳ್ಳಿ. ಇಂಥ ಮಾರಾಟದ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಹೊರದೇಶದ ನಂಟರೊಬ್ಬರು ಉಪಗ್ರಹ ಫೋನ್ ತಂದುಕೊಡುತ್ತೇನೆಂದರು. ಬೇಡವೆಂದೆ. ಅನುಮತಿಯಿಲ್ಲದೆ ಅದನ್ನು ಇಲ್ಲಿ ಇಟ್ಟುಕೊಳ್ಳುವಂತಿಲ್ಲ.

ಪರವಾನಗಿ ಬೇಡದ ಸೆಟ್ಟಿನ ಧ್ವನಿ ಪಂಪ್ ಮನೆಯಿಂದ ನನ್ನ ಮನೆಗೆ ಬರಲಿಲ್ಲ, ನಡುವೆ ಗುಡ್ಡವಿದೆ. ಅಲ್ಲಿಗೇ ಕೈಬಿಡುವವನಿದ್ದೆ. ಆಗ ಮೇಲಿನ ಬ್ಲಾಕಿನಲ್ಲಿದ್ದ ಹುಡುಗ ಕೂಗಿ ಹೇಳಿದ, ಅಣ್ಣನ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿದೆಯೆಂದು, ಹಿಂದೆ ನೀರಿನ ಸದ್ದೂ ಸೇರಿ. ಹಳ್ಳದಿಂದ ಅಲ್ಲಿಗೆ ಮರಗಳ ಅಡ್ಡವಿದೆ, ಗುಡ್ಡದ ಅಡ್ಡವಿಲ್ಲ. ನೆರೆಯ ದೊಡ್ಡ ತೋಟದವರ ಪರವಾನಗಿ ಪಡೆದ 5 ವ್ಯಾಟ್ ಸೆಟ್‌ಗಳನ್ನು ಅವರ ಸಿಬ್ಬಂದಿಯ ಜೊತೆ ನಿಂತು ಕೇಳಿದೆ. ಅವು ಗುಡ್ಡ ದಾಟಿಯೂ ಕೇಳಿಸುತ್ತವೆ, ದೊಡ್ಡ ತೋಟಕ್ಕೆ ಅದೇ ಸರಿ. ನಮಗೆ ಚಿಕ್ಕ ಸೆಟ್ಟೇ ಸಾಕಾಯಿತು.

ವಾಕಿಟಾಕಿಯ ಇನ್ನೊಂದು ಗುಣ ಬೇರಾವುದಕ್ಕೂ ಇಲ್ಲ: ಒಬ್ಬರು ಹೇಳಿದ್ದು ಎಲ್ಲರಿಗೂ ಅದೇ ಕ್ಷಣ ಕೇಳಿಸುತ್ತದೆ. ನಮ್ಮ ಕಡೆ ಕಾಡಾನೆ ಹಗಲು ಯಾವ ತೋಟದಲ್ಲಿದೆಯೆಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ತಿಳಿಯುತ್ತದೆ. ರಾತ್ರಿ ಅದು ಬೇಲಿ ದಾಟಿ ಹಳ್ಳಕ್ಕೆ ಇಳಿಯುವಾಗ ಹತ್ತು ಜನರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಲು ಎಲ್ಲಿಯ ವ್ಯವಧಾನ?

ಈಗ ನಡೆಯುತ್ತಿರುವುದು ಹೀಗೆ. ಪಂಪ್ ಮನೆಯಲ್ಲೊಂದು, ಮೇಲಿನ ಬ್ಲಾಕಿನಲ್ಲೊಂದು ವಾಕಿಟಾಕಿ. ಅಲ್ಲಿಂದ ನನಗೆ ಕೀಪ್ಯಾಡ್ ಫೋನು. ಅರ್ಧ ಗಂಟೆಗೊಮ್ಮೆ ಅಣ್ಣ ಮಾತನಾಡಬೇಕು. ಮಾತು ಬಾರದಿದ್ದರೆ ಹುಡುಗರು ಒಮ್ಮೆ ಕರೆಯುತ್ತಾರೆ, ಐದು ನಿಮಿಷ ಕಾಯುತ್ತಾರೆ. ಆಮೇಲೆ ಕರೆಂಟ್ ಹೋಗಿರಬಹುದು, ಬ್ಯಾಟರಿ ಮುಗಿದಿರಬಹುದು ಎಂಬ ಲೆಕ್ಕವೇ ಇಲ್ಲ. ಇಬ್ಬರು ಟಾರ್ಚ್ ಹಿಡಿದು ಇಳಿಯುತ್ತಾರೆ, ನಾನು ಜೀಪ್ ತೆಗೆಯುತ್ತೇನೆ. ಸೆಟ್ಟು ಒಂದು ಸಾವಿರ ಕೊಟ್ಟದ್ದೋ ಹತ್ತು ಸಾವಿರ ಕೊಟ್ಟದ್ದೋ, ಈ ಕಟ್ಟಳೆ ಇಲ್ಲದಿದ್ದರೆ ಕಳೆದ ವರ್ಷದ ಮೂರು ಗಂಟೆ ಮತ್ತೆ ಬರುತ್ತದೆ.

ಟ್ರ್ಯಾಕರನ್ನು ಅಣ್ಣ ಮರಳಿಸಿದರು. ವಾಕಿಟಾಕಿಗೆ ತಾವೇ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಪಟ್ಟಿ ಮಾಡಿ, ಹಳ್ಳಕ್ಕೆ ಇಳಿದರೂ ನೀರಿಗೆ ಬೀಳದಂತೆ ಎದೆಗೆ ಕಟ್ಟಿಕೊಂಡಿದ್ದಾರೆ.