ಟನಲ್ ಏಳದ ದಿನ ಸ್ಟ್ರಾಂಗ್‌ಸ್ವಾನ್ ಲಾಗ್ ಎಷ್ಟು ಬಾಯಿ ಬಿಡುತ್ತದೆ?

ಐಪಿಸೆಕ್ ವಿಪಿಎನ್ ಎಂದರೆ ಇಂಟರ್ನೆಟ್ ಮೇಲೆ ಎರಡು ತುದಿಗಳ ನಡುವೆ ಎನ್‌ಕ್ರಿಪ್ಟ್ ಆದ ಗುಪ್ತ ದಾರಿ, ಅಂದರೆ ಟನಲ್, ಎಬ್ಬಿಸುವ ವ್ಯವಸ್ಥೆ. ಎಲ್ಲ ಸರಿಯಿದ್ದಾಗ ಅದರ ಸಾಫ್ಟ್‌ವೇರ್‌ಗಳಲ್ಲಿ ಯಾವುದು ಮೇಲು ಎಂದು ಹುಡುಕುವ ಅಗತ್ಯವೇ ಬರುವುದಿಲ್ಲ. ಟನಲ್ ಏಳದ ದಿನ ಯಾವುದು ಕಾರಣ ಹೇಳುತ್ತದೆ, ಯಾವುದು ಬಾಯಿ ಮುಚ್ಚಿ ಕೂರುತ್ತದೆ ಎಂಬುದರಲ್ಲೇ ಅವುಗಳ ಯೋಗ್ಯತೆ ತಿಳಿಯುವುದು. ಲಿನಕ್ಸ್‌ನ ಸ್ಟ್ರಾಂಗ್‌ಸ್ವಾನ್ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಫ್ರೀಎಸ್‌ವ್ಯಾನ್ ಯೋಜನೆಯ ಕೋಡ್‌ನಿಂದ ಹುಟ್ಟಿ ಸ್ವಿಟ್ಜರ್ಲೆಂಡ್‌ನ ರಾಪರ್ಸ್‌ವಿಲ್‌ನಲ್ಲಿ ಬೆಳೆದದ್ದು. 2012ರ 5.0 ಆವೃತ್ತಿಯಿಂದ ಐಕೆಇ (ಟನಲ್‌ನ ಕೀಗಳನ್ನು ಗೊತ್ತುಮಾಡುವ ಪ್ರೋಟೋಕಾಲ್) ಒಂದು, ಎರಡು, ಎರಡೂ ಆವೃತ್ತಿಗಳನ್ನು 'ಶಾರಾನ್' ಎಂಬ ಒಂದೇ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ನೋಡಿಕೊಳ್ಳುತ್ತದೆ. ಈ ವಿಮರ್ಶೆ ಅದರ ವೇಗದ ಬಗ್ಗೆಯಲ್ಲ, ನಡೆದದ್ದನ್ನು ಬರೆದಿಡುವ ಅದರ ಲಾಗ್ ಬಗ್ಗೆ.

ಮೊದಲು ಲಾಗನ್ನು ಹದಕ್ಕೆ ತರಬೇಕು. ವಿವರದ ಮಟ್ಟಗಳು -1ರಿಂದ 4ರವರೆಗೆ ಇವೆ, ಸುಮ್ಮನೆ ಬಿಟ್ಟರೆ 1. ಎಲ್ಲವನ್ನೂ 4ಕ್ಕೆ ಏರಿಸುವುದು ಹೊಸಬರು ಮಾಡುವ ತಪ್ಪು. 3ರಲ್ಲಿ ಹೆಕ್ಸ್ ಡಂಪ್ (ಕಚ್ಚಾ ಡೇಟಾ) ಸುರಿಯುತ್ತದೆ, 4ರಲ್ಲಿ ಕೀಗಳೇ ಲಾಗ್‌ಗೆ ಬಂದು ಬೀಳುತ್ತವೆ. ಆ ಫೈಲನ್ನು ಯಾರಿಗಾದರೂ ಕಳಿಸಿದರೆ ಮನೆಯ ಬೀಗದಕೈ ಕೊಟ್ಟಂತೆಯೇ. ಸ್ಟ್ರಾಂಗ್‌ಸ್ವಾನ್.ಕಾನ್ಫ್ ಫೈಲಿನ 'ಫೈಲ್‌ಲಾಗ್' ಭಾಗದಲ್ಲಿ ಡಿಫಾಲ್ಟ್ 2, ಒಳ ವಿಭಾಗಗಳಲ್ಲಿ ಎಂಜಿಆರ್ 0, ನೆಟ್, ಎನ್ಕ್, ಎಎಸ್ಎನ್, ಜಾಬ್ ನಾಲ್ಕೂ 1 ಎಂದು ಇಟ್ಟರೆ ಬೇಕಾದದ್ದೆಲ್ಲ ಸಿಗುತ್ತದೆ, ಕಸ ಬರುವುದಿಲ್ಲ. ಜೊತೆಗೆ 'ಐಕೆಇ_ನೇಮ್' ಯೆಸ್ ಮಾಡಿ. ಹತ್ತು ಟನಲ್ ಇರುವ ಗೇಟ್‌ವೇಯಲ್ಲಿ ಯಾವ ಸಾಲು ಯಾವ ಕನೆಕ್ಷನ್‌ದು ಎಂದು ಹೇಳುವುದು ಇದೊಂದೇ. ಬದಲಾವಣೆ ಜಾರಿಗೆ ಬರಲು 'ಸ್ವಾನ್‌ಸಿಟಿಎಲ್ --ರಿಲೋಡ್-ಸೆಟಿಂಗ್ಸ್' ಕಮಾಂಡ್ ಸಾಕು. ರೀಸ್ಟಾರ್ಟ್ ಮಾಡಿ ನಡೆಯುತ್ತಿರುವ ಟನಲ್‌ಗಳನ್ನು ಬೀಳಿಸುವ ಅಗತ್ಯವಿಲ್ಲ. ಫೈಲೇ ಹುಟ್ಟದಿದ್ದರೆ ಉಬುಂಟುವಿನಲ್ಲಿ ಆ್ಯಪ್‌ಆರ್ಮರ್ (ಪ್ರೋಗ್ರಾಂಗಳ ಅನುಮತಿಗೆ ಕಾವಲು) ತಡೆದಿರಬಹುದು. ಆ ಪಾತ್‌ಗೆ ಬರೆಯುವ ಅನುಮತಿಯನ್ನು ಶಾರಾನ್‌ನ ಪ್ರೊಫೈಲ್‌ನಲ್ಲಿ ಸೇರಿಸಬೇಕು.

ಇನ್ನು ಚೌಕಾಸಿ, ಅಂದರೆ ಎರಡೂ ತುದಿಗಳು ಒಪ್ಪಂದಕ್ಕೆ ಬರುವ ಮಾತುಕತೆ. ಐಕೆಇ ಎರಡರಲ್ಲಿ ಅದು ಎರಡು ಸುತ್ತಿನ ವ್ಯವಹಾರ: 'ಎಸ್ಎ ಇನಿಟ್' (ಕೀ ಒಪ್ಪಂದ), ಆಮೇಲೆ 'ಆತ್' (ಗುರುತಿನ ಪರೀಕ್ಷೆ). ಎಲ್ಲಿ ಮುರಿಯಿತು ಎಂದು ನೋಡಲು ಕೊನೆಯ ಸಾಲನ್ನಲ್ಲ, ಸುತ್ತಿನ ಕ್ರಮಸಂಖ್ಯೆಯಾದ ಮೆಸೇಜ್ ಐಡಿಯನ್ನು ನೋಡಿ. 'ರೀಟ್ರಾನ್ಸ್‌ಮಿಟ್ 1 ಆಫ್ ರಿಕ್ವೆಸ್ಟ್ ವಿತ್ ಮೆಸೇಜ್ ಐಡಿ 0' ಎಂದಿದ್ದರೆ ಮೊದಲ ಪ್ಯಾಕೆಟ್‌ಗೇ ಉತ್ತರವಿಲ್ಲ: ಯುಡಿಪಿ ಪೋರ್ಟ್ 500 ಮುಚ್ಚಿದೆ, ಇಲ್ಲವೇ ವಿಳಾಸ ತಪ್ಪು. ಐಡಿ 1 ಆಗಿದ್ದರೆ ಕಥೆ ಬೇರೆ. ನಡುವೆ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ಇದ್ದರೆ ಎರಡನೇ ಸುತ್ತು ಯುಡಿಪಿ 4500ಕ್ಕೆ ಹಾರುತ್ತದೆ. ಫೈರ್‌ವಾಲ್‌ನಲ್ಲಿ 500 ತೆರೆದು 4500 ಮರೆತವರು ಇಲ್ಲಿ ಸಿಕ್ಕಿಬೀಳುತ್ತಾರೆ. 4500 ತೆರೆದೇ ಇದ್ದರೆ ಗುರುತು ಸಾಬೀತು ಮಾಡುವ ಸರ್ಟಿಫಿಕೇಟ್ ಮೇಲೆ ಕಣ್ಣಿಡಿ. ಸರ್ಟಿಫಿಕೇಟ್ ಸೇರಿ ದಪ್ಪಗಾದ ಪ್ಯಾಕೆಟ್ ಐಪಿ ಮಟ್ಟದಲ್ಲಿ ತುಂಡಾಗುತ್ತದೆ, ಆ ತುಂಡುಗಳನ್ನು ದಾರಿಯಲ್ಲಿನ ಯಾವುದೋ ರೌಟರ್ ಎಸೆಯುತ್ತದೆ. ಇದಕ್ಕಾಗಿಯೇ 2014ರಲ್ಲಿ ಐಕೆಇ ಮಟ್ಟದಲ್ಲೇ ತುಂಡುಮಾಡುವ ಫ್ರಾಗ್‌ಮೆಂಟೇಶನ್ ಬಂತು. ಎರಡೂ ತುದಿಯಲ್ಲಿ ಅದು ಆನ್ ಆಗಿರಬೇಕು. ತಾಳ್ಮೆಯೂ ಬೇಕು: 4 ಸೆಕೆಂಡ್‌ನಿಂದ ಶುರುವಾಗಿ ಪ್ರತಿ ಸಲ 1.8 ಪಟ್ಟು ಬೆಳೆಯುವ ಕಾಯುವಿಕೆ, ಐದು ಮರುಪ್ರಯತ್ನ. ಕೈಬಿಡುವ ಹೊತ್ತಿಗೆ 165 ಸೆಕೆಂಡ್ ಕಳೆದಿರುತ್ತದೆ. ನಲವತ್ತು ಸೆಕೆಂಡ್‌ಗೇ ಕಂಟ್ರೋಲ್-ಸಿ ಒತ್ತಿದವರಿಗೆ ಅರ್ಧ ಲಾಗಷ್ಟೇ ಸಿಗುವುದು.

ಉತ್ತರ ಬಂದೂ ಮೊದಲ ಸುತ್ತು ಮುರಿದರೆ 'ನೋ ಪ್ರಪೋಸಲ್ ಚೋಸನ್' (ಯಾವ ಪ್ರಸ್ತಾಪವೂ ಒಪ್ಪಿಗೆಯಾಗಲಿಲ್ಲ) ಎಂಬ ನೋಟಿಫೈ ಬರುತ್ತದೆ. ಸ್ಟ್ರಾಂಗ್‌ಸ್ವಾನ್ ಗೆಲ್ಲುವುದು ಇಲ್ಲೇ. ಉತ್ತರಿಸುವ ತುದಿಯ ಲಾಗ್‌ನಲ್ಲಿ 'ರಿಸೀವ್ಡ್ ಪ್ರಪೋಸಲ್ಸ್', 'ಕಾನ್ಫಿಗರ್ಡ್ ಪ್ರಪೋಸಲ್ಸ್' ಎಂಬ ಎರಡು ಸಾಲು ಒಂದರ ಕೆಳಗೊಂದು ಬರುತ್ತವೆ. ಅವರು ಕೇಳಿದ್ದೇನು, ನಮ್ಮಲ್ಲಿರುವುದೇನು ಎಂದು ಕಣ್ಣಿನಲ್ಲೇ ತಾಳೆ ನೋಡಬಹುದು. ಸಿಎಫ್‌ಜಿ (ಕಾನ್ಫಿಗ್) ವಿಭಾಗದ ಲಾಗ್ ಮಟ್ಟ 2 ಇದ್ದರೆ ಎನ್‌ಕ್ರಿಪ್ಶನ್ ಹೊಂದಲಿಲ್ಲವೋ ಕೀ ವಿನಿಮಯದ ಡಿಫಿ-ಹೆಲ್ಮನ್ ಗುಂಪು ಹೊಂದಲಿಲ್ಲವೋ ಎಂದೂ ಹೇಳುತ್ತದೆ. ಆದರೆ ಒಂದು ಮೋಸವಿದೆ. ಬಂದ ವಿಳಾಸಕ್ಕೆ ಹೊಂದುವ ಕನೆಕ್ಷನ್ನೇ ಇಲ್ಲದಿದ್ದಾಗಲೂ ಆಚೆ ತುದಿಗೆ ಹೋಗುವುದು ಇದೇ 'ನೋ ಪ್ರಪೋಸಲ್ ಚೋಸನ್'. ಈಚೆ ಲಾಗ್‌ನಲ್ಲಿ ಮಾತ್ರ 'ನೋ ಐಕೆಇ ಕಾನ್ಫಿಗ್ ಫೌಂಡ್' ಎಂದಿರುತ್ತದೆ. ಕಾನ್ಫಿಗ್ ಬರೆದು 'ಸ್ವಾನ್‌ಸಿಟಿಎಲ್ --ಲೋಡ್-ಆಲ್' ಮರೆತರೂ ಇದೇ ಗತಿ. ಇದನ್ನು ನೋಡದೆ ಸೈಫರ್ ಪಟ್ಟಿ ಬದಲಿಸುತ್ತಾ ಕೂತರೆ ಸಂಜೆಯಾದೀತು.

ವಿಂಡೋಸ್ ಕ್ಲೈಂಟ್ ಜೊತೆ ಈ ಜಗಳ ಹಳೆಯದು. ಅದು ತಾನಾಗಿ ಕೇಳುವುದು 1024 ಬಿಟ್‌ನ ಡಿಫಿ-ಹೆಲ್ಮನ್ ಗುಂಪು, ಸ್ಟ್ರಾಂಗ್‌ಸ್ವಾನ್‌ನ ಡಿಫಾಲ್ಟ್ ಪಟ್ಟಿಯಲ್ಲಿ ಅದಿಲ್ಲ. ಬಳಕೆದಾರನಿಗೆ ಕಾಣುವುದು 13868 ಎಂಬ ದೋಷದ ಅಂಕಿ ಮಾತ್ರ. ಸರ್ವರ್ ಅನ್ನು ದುರ್ಬಲ ಮಾಡಬೇಡಿ. ರಿಜಿಸ್ಟ್ರಿಯಲ್ಲಿ ರಾಸ್‌ಮ್ಯಾನ್ ಸರ್ವಿಸ್‌ನ ಪ್ಯಾರಾಮೀಟರ್ಸ್ ಕೆಳಗೆ 'ನೆಗೋಶಿಯೇಟ್‌ಡಿಎಚ್2048_ಎಇಎಸ್256' ಎಂಬ ಡಿವರ್ಡ್ (ಸಂಖ್ಯೆಯ ನಮೂದು) ಮಾಡಿ 1 ಕೊಡಿ. ವಿಂಡೋಸ್‌ನ ಸ್ವಂತ ಟ್ರೇಸ್ ಬೇಕೆಂದರೆ ಅಡ್ಮಿನ್ ಪ್ರಾಂಪ್ಟ್‌ನಲ್ಲಿ 'ನೆಟ್‌ಎಸ್‌ಎಚ್ ಡಬ್ಲ್ಯೂಎಫ್‌ಪಿ ಕ್ಯಾಪ್ಚರ್ ಸ್ಟಾರ್ಟ್', ಒಮ್ಮೆ ಕನೆಕ್ಟ್ ಪ್ರಯತ್ನ, ಆಮೇಲೆ 'ಸ್ಟಾಪ್'. ಸಿಗುವ ಕ್ಯಾಬ್ ಫೈಲ್ ಬಿಚ್ಚಿ ಎಕ್ಸ್‌ಎಂಎಲ್‌ನ ಕೊನೆಯಲ್ಲಿ 'ಎರರ್ ಫ್ರೀಕ್ವೆನ್ಸಿ ಟೇಬಲ್' ಹುಡುಕಬೇಕು. ಉತ್ತರ ಸಿಗುತ್ತದೆ, ಆದರೆ ಸ್ಟ್ರಾಂಗ್‌ಸ್ವಾನ್‌ನ ನೇರ ಸಾಲುಗಳ ಮುಂದೆ ಅದು ಅಗೆದು ತೆಗೆಯುವ ಕೆಲಸ.

ಎರಡನೇ ಸುತ್ತಿನ 'ಆಥೆಂಟಿಕೇಶನ್ ಫೇಲ್ಡ್' ಬೇಕೆಂದೇ ಮೂಕ. ಗುಟ್ಟು ಎಲ್ಲಿ ತಪ್ಪಿತು ಎಂದು ಅಪರಿಚಿತನಿಗೆ ಹೇಳಬಾರದಲ್ಲ! ಹಾಗಾಗಿ ಕರೆ ಮಾಡುವ ತುದಿಯ ಲಾಗನ್ನು ಎಷ್ಟು ಓದಿದರೂ ಅಷ್ಟೇ. ಉತ್ತರಿಸುವ ತುದಿಯದ್ದನ್ನು ತರಿಸಿಕೊಳ್ಳಬೇಕು. ಅಲ್ಲಿ 'ನೋ ಮ್ಯಾಚಿಂಗ್ ಪಿಯರ್ ಕಾನ್ಫಿಗ್ ಫೌಂಡ್' ಎಂದಿದ್ದರೆ ಐಡಿ ಹೊಂದಿಲ್ಲ. ನ್ಯಾಟ್ ಹಿಂದಿನ ಯಂತ್ರ ತನ್ನ 192.168 ವಿಳಾಸವನ್ನೇ ಗುರುತಾಗಿ ಹೇಳಿಕೊಳ್ಳುತ್ತದೆ, ಆಚೆಯವರು ಪಬ್ಲಿಕ್ ಐಪಿ ನಿರೀಕ್ಷಿಸುತ್ತಿರುತ್ತಾರೆ. ಎರಡೂ ಕಡೆ ಐಡಿ ಕೈಯಾರೆ ಬರೆಯುವುದೇ ಮದ್ದು. 'ಮ್ಯಾಕ್ ಮಿಸ್‌ಮ್ಯಾಚ್ಡ್' ಎಂದಿದ್ದರೆ ಪ್ರೀ-ಶೇರ್ಡ್ ಕೀ (ಎರಡೂ ಕಡೆ ಮೊದಲೇ ಹಂಚಿಕೊಂಡ ಗುಟ್ಟು) ತಪ್ಪು. ಇಲ್ಲೊಂದು ಸೂಕ್ಷ್ಮ: ಕೀ '0ಎಕ್ಸ್' ಎಂದು ಶುರುವಾದರೆ ಅದನ್ನು ಹೆಕ್ಸ್ ಎಂದೂ, '0ಎಸ್' ಎಂದು ಶುರುವಾದರೆ ಬೇಸ್64 ಎಂದೂ ಸ್ಟ್ರಾಂಗ್‌ಸ್ವಾನ್ ಅರ್ಥ ಮಾಡಿಕೊಳ್ಳುತ್ತದೆ. ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೂ ಆಚೆ ಬೇರೆ ಕಂಪನಿಯ ವಿಪಿಎನ್ ಪೆಟ್ಟಿಗೆಯಿದ್ದರೆ ತಾಳೆಯಾಗದು. 'ನೋ ಇಶ್ಯುಯರ್ ಸರ್ಟಿಫಿಕೇಟ್ ಫೌಂಡ್' ಎಂದರೆ ನಡುವಿನ ಸಿಎ (ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಸರ್ಟಿಫಿಕೇಟ್ ಇಟ್ಟಿಲ್ಲ.

'ಟಿಎಸ್ ಅನ್‌ಆ್ಯಕ್ಸೆಪ್ಟಬಲ್' ಬಂದರೆ ಸಬ್‌ನೆಟ್ (ಟನಲ್‌ನಲ್ಲಿ ಸಾಗುವ ಐಪಿ ವಿಳಾಸಗಳ ಗುಂಪು) ತಕರಾರು. ಸ್ಟ್ರಾಂಗ್‌ಸ್ವಾನ್ ಉದಾರಿ, ದೊಡ್ಡ /16 ಕೇಳಿದರೆ ತನ್ನಲ್ಲಿರುವ ಚಿಕ್ಕ /24ಕ್ಕೆ ಕಿರಿದು ಮಾಡಿ ಒಪ್ಪುತ್ತದೆ. ಎಲ್ಲ ಪೆಟ್ಟಿಗೆಗಳೂ ಹಾಗಲ್ಲ, ಎರಡೂ ಕಡೆ ಒಂದೇ ಬರೆಯಿರಿ.

ಅತಿ ತಂಟೆಯ ದೋಷ ಮೊದಲ ದಿನ ಕಾಣುವುದೇ ಇಲ್ಲ. ಟನಲ್ ಸರಿಯಾಗಿ ಎದ್ದು, ಸುಮಾರು ಒಂದು ಗಂಟೆ ಓಡಿ, ಬೀಳುತ್ತದೆ. ಮೊದಲ ಚೈಲ್ಡ್ ಎಸ್ಎ (ಡೇಟಾ ಸಾಗಿಸುವ ಒಪ್ಪಂದ) 'ಆತ್' ಸುತ್ತಿನಲ್ಲೇ ಹುಟ್ಟುವುದರಿಂದ ಅದಕ್ಕೆ ಪ್ರತ್ಯೇಕ ಡಿಫಿ-ಹೆಲ್ಮನ್ ಚೌಕಾಸಿ ಇರುವುದಿಲ್ಲ. ರೀಕೀ (ಕೀ ಬದಲಿಸುವ) ಸಮಯ ಬಂದಾಗ ಮಾತ್ರ ಒಬ್ಬರ ಕಡೆ ಪಿಎಫ್ಎಸ್ (ಪ್ರತಿ ಸಲ ಹೊಸ ಡಿಫಿ-ಹೆಲ್ಮನ್ ವಿನಿಮಯ) ಇದೆ, ಇನ್ನೊಬ್ಬರ ಕಡೆ ಇಲ್ಲ ಎಂದು ಬಯಲಾಗುತ್ತದೆ. ಸ್ವಾನ್‌ಸಿಟಿಎಲ್‌ನ ಡಿಫಾಲ್ಟ್ ರೀಕೀ 1 ಗಂಟೆ, ಪೂರ್ಣ ಆಯಸ್ಸು ಅದಕ್ಕಿಂತ ಶೇ 10 ಹೆಚ್ಚು, ಅಂದರೆ 66 ನಿಮಿಷ. ಗಂಟೆಗಟ್ಟಲೆ ಕಾಯುವ ಬದಲು ಟನಲ್ ಎದ್ದ ಕೂಡಲೇ 'ಸ್ವಾನ್‌ಸಿಟಿಎಲ್ --ರೀಕೀ --ಚೈಲ್ಡ್' ಕೊಟ್ಟು ಚೈಲ್ಡ್ ಹೆಸರು ಬರೆಯಿರಿ. 'ಕ್ರಿಯೇಟ್ ಚೈಲ್ಡ್ ಎಸ್ಎ' ಉತ್ತರದಲ್ಲಿ 'ನೋ ಪ್ರಾಪ್' ಕಂಡರೆ ಇಎಸ್‌ಪಿ (ಡೇಟಾ ಎನ್‌ಕ್ರಿಪ್ಟ್ ಮಾಡುವ ಪ್ರೋಟೋಕಾಲ್) ಪ್ರಪೋಸಲ್‌ನಲ್ಲಿ ಗುಂಪಿನ ಹೆಸರನ್ನು ಎರಡೂ ಕಡೆ ಸಮ ಮಾಡಿ. ಈ ಒಂದು ಕಮಾಂಡ್ ಹಸ್ತಾಂತರದ ಚೆಕ್‌ಲಿಸ್ಟ್‌ನಲ್ಲಿ ಇರಲೇಬೇಕು.

ದೂರುಗಳೂ ಇವೆ. ಐಪಿಸೆಕ್.ಕಾನ್ಫ್ ಎಂಬ ಹಳೆ ಲೋಕ, ಸ್ವಾನ್‌ಸಿಟಿಎಲ್.ಕಾನ್ಫ್ ಎಂಬ ಹೊಸ ಲೋಕ ಎರಡೂ ಇನ್ನೂ ಜೀವಂತ. ಇಂಟರ್ನೆಟ್‌ನ ಅರ್ಧ ಸಲಹೆ ಹಳೆ ಫೈಲಿಗೆ 'ಶಾರಾನ್‌ಡೀಬಗ್' ಸಾಲು ಸೇರಿಸಿ ಎನ್ನುತ್ತದೆ; ಸಿಸ್ಟಮ್‌ಡಿ ರೂಪದ ಶಾರಾನ್ ಅದನ್ನು ಓದುವುದೇ ಇಲ್ಲ. ಆವರಣದೊಳಗಿನ 'ಎಸ್ಎ ಕೆಇ ನೋ' ತರಹದ ಸಂಕ್ಷೇಪಗಳು ಪ್ರೋಟೋಕಾಲ್ ಓದದವರಿಗೆ ಬ್ರಹ್ಮಲಿಪಿ. 2024ರ ಡಿಸೆಂಬರ್‌ನ 6.0ರಲ್ಲಿ ಕ್ವಾಂಟಂ ದಾಳಿ ತಡೆಯುವ ಎಂಎಲ್-ಕೆಮ್ ಎಂಬ ಕೀ ವಿನಿಮಯ ವಿಧಾನ ಬಂದಿದೆ. ಅದನ್ನು ಹೆಚ್ಚುವರಿ ಕೀ ವಿನಿಮಯವಾಗಿ ಸೇರಿಸಿದರೆ ನಡುವೆ 'ಇಂಟರ್‌ಮೀಡಿಯೇಟ್' ಎಂಬ ಸುತ್ತು ಹೆಚ್ಚಾಗಿ 'ಆತ್'ನ ಐಡಿ ಮುಂದಕ್ಕೆ ಸರಿಯುತ್ತದೆ. ಮೇಲೆ ಹೇಳಿದ 0 ಮತ್ತು 1ರ ಲೆಕ್ಕ ಆಗ ತಪ್ಪುತ್ತದೆ, ಎಚ್ಚರ.

ಆ್ಯಂಡ್ರಾಯ್ಡ್ ಆ್ಯಪ್‌ನಲ್ಲಿಯೂ ಇದೇ ಲಾಗ್ ಮೆನುವಿನಲ್ಲೇ ತೆರೆದುಕೊಳ್ಳುತ್ತದೆ, ಅಲ್ಲಿಂದಲೇ ಕಳಿಸಲೂಬಹುದು. ಫೋನ್ ಹಿಡಿದ ಬಳಕೆದಾರ 'ಕನೆಕ್ಟ್ ಆಗ್ತಿಲ್ಲ' ಎಂದಾಗ ಅವರಿಂದ ಸ್ಕ್ರೀನ್‌ಶಾಟ್ ಕೇಳಬೇಡಿ, ಆ ಲಾಗ್ ಕೇಳಿ.